ರಾಜಕಾಲುವೆ ಕಾಮಗಾರಿ ನಮ್ಮ ಬೀದಿಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ನೆರೆ ತಡೆಯಲು ಸರ್ಕಾರದ ದುಡ್ಡಿನಲ್ಲಿ ರಾಜಕಾಲುವೆ ಅಗಲಿಸುವುದು, ತಡೆಗೋಡೆ ಕಟ್ಟುವುದು, ಕೆರೆಗೆ ಗೇಟು ಇಡುವುದು ನಡೆಯುತ್ತಲೇ ಇರುತ್ತದೆ. ಆ ಕೆಲಸವನ್ನು ಜನ ಪರಿಶೀಲಿಸುವುದು ಹೇಗೆ? ವಾರ್ಡ್ ಸಭೆಗಳಲ್ಲಿ, ಬಡಾವಣೆಯ ಸಂಘಗಳಲ್ಲಿ, ಬಂದ ಕಾಗದಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ.

## ಮೊದಲು ತಿಳಿದಿರಬೇಕಾದ್ದು

ರಾಜಕಾಲುವೆ ಅಂದ್ರೆ ದೊಡ್ಡ ಮೋರಿ ತಾನೇ? ಅದಕ್ಕೆ ಇಷ್ಟೊಂದು ಕೋಟಿ ಯಾಕೆ?

ಮೋರಿ ಆಗಿದ್ದು ಆಮೇಲೆ. ಮೊದಲು ಅದು ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ನೀರು ಒಯ್ಯುವ ಕಾಲುವೆ. ಬೆಂಗಳೂರು ದಿಬ್ಬದ ಮೇಲೆ ಕೂತಿರುವ ಊರು. ಪಕ್ಕದಲ್ಲಿ ದೊಡ್ಡ ನದಿ ಇಲ್ಲ. ಬಿದ್ದ ಮಳೆ ಕಣಿವೆಗಳಲ್ಲಿ ಇಳಿದು ಹೋಗಬೇಕು. ವೃಷಭಾವತಿ ಕಣಿವೆಯ ನೀರು ಅರ್ಕಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಕೋರಮಂಗಲ, ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳದ್ದು ದಕ್ಷಿಣ ಪಿನಾಕಿನಿಯ ಕಡೆಗೆ. ನಿಮ್ಮ ಮನೆ ಯಾವ ಕಣಿವೆಯಲ್ಲಿದೆ ಅಂತ ಗೊತ್ತಿಲ್ಲದೆ ಕಾಮಗಾರಿಯ ಬಗ್ಗೆ ಮಾತಾಡುವುದು ಕಷ್ಟ. ಮೊದಲು ಅದನ್ನು ತಿಳಿದುಕೊಳ್ಳಿ.

ಕೋಟಿಗಳು ಹೋಗುವುದು ಹೆಚ್ಚಾಗಿ ಕಾಂಕ್ರೀಟ್ ಗೋಡೆಗೆ. ಅದೇ ಸರಿಯಾದ ಖರ್ಚಾ ಅನ್ನುವುದೇ ಈ ಪರಿಶೀಲನೆಯ ಅರ್ಧ ಭಾಗ.

ದುಡ್ಡು ಯಾರದು? ಕೇಂದ್ರದ್ದಾ, ರಾಜ್ಯದ್ದಾ? ನಮಗೆ ಅದರಿಂದ ಏನು ವ್ಯತ್ಯಾಸ?

ವ್ಯತ್ಯಾಸ ಇದೆ. ಬಹಳಷ್ಟು ಕಾಮಗಾರಿ ರಾಜ್ಯದ ಅನುದಾನದಲ್ಲಿ ನಡೆಯುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಏಳು ಮಹಾನಗರಗಳ ನೆರೆ ತಗ್ಗಿಸಲು 2,500 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಅದರಲ್ಲಿ ಬೆಂಗಳೂರಿನ ಪಾಲು 250 ಕೋಟಿ. ಇದು ವಿಪತ್ತು ತಗ್ಗಿಸುವ ನಿಧಿಯ ಹಣ. ವಿಶ್ವಬ್ಯಾಂಕಿನ ಸಾಲವಾದರೆ ಇನ್ನೊಂದು ಬಗೆ. ಆ ಬ್ಯಾಂಕಿನ ನಿಯಮದಂತೆ ಪರಿಸರ ಮತ್ತು ಸಾಮಾಜಿಕ ಪರಿಣಾಮದ ದಾಖಲೆ ಬಹಿರಂಗ ಮಾಡಬೇಕು, ದೂರು ಕೇಳುವ ವ್ಯವಸ್ಥೆ ಇಡಬೇಕು. ಅಂದರೆ ದುಡ್ಡಿನ ಮೂಲ ಗೊತ್ತಾದರೆ ನೀವು ತಟ್ಟಬಹುದಾದ ಬಾಗಿಲು ಒಂದು ಜಾಸ್ತಿಯಾಗುತ್ತದೆ. ಕಾಮಗಾರಿಯ ಫಲಕದಲ್ಲಿ 'ಲೆಕ್ಕ ಶೀರ್ಷಿಕೆ' ಅಂತ, ಅಂದರೆ ದುಡ್ಡು ಯಾವ ಲೆಕ್ಕದಿಂದ ಬಂತು ಅಂತ ಇದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ.

ಸಾರ್ವಜನಿಕ ಅಹವಾಲು ಸಭೆ ಯಾವಾಗ ಇಡ್ತಾರೆ? ನಮಗೆ ನೋಟಿಸ್ ಬರಲ್ವಾ?

ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ಉತ್ತರ ಬೇಸರದ್ದು: ಬಹುತೇಕ ಬರಲ್ಲ.

ಅಣೆಕಟ್ಟೆಗೋ ಗಣಿಗೋ ಜಿಲ್ಲಾಡಳಿತ ಶಾಮಿಯಾನ ಹಾಕಿ ಅಹವಾಲು ಕೇಳುತ್ತದಲ್ಲ, ಅದು 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವುದು. ಆ ಅಧಿಸೂಚನೆಯ ಪಟ್ಟಿಯಲ್ಲಿ ಊರೊಳಗಿನ ಮಳೆನೀರು ಕಾಲುವೆ ಇಲ್ಲ. ಹಾಗಾಗಿ ಗೋಡೆ ಎಷ್ಟು ಕಿಲೋಮೀಟರ್ ಕಟ್ಟಿದರೂ ಸಭೆ ಕಡ್ಡಾಯವಲ್ಲ. ಕಾಲುವೆಗಾಗಿ ಖಾಸಗಿ ಜಮೀನು ವಶಪಡಿಸಿಕೊಂಡರೆ ಮಾತ್ರ ಲೆಕ್ಕ ಬೇರೆ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟ 60 ದಿನದೊಳಗೆ ಜಮೀನಿನಲ್ಲಿ ಹಿತಾಸಕ್ತಿ ಇರುವವರು ಆಕ್ಷೇಪಣೆ ಕೊಡಬಹುದು.

ಉಳಿದಂತೆ ನಮಗಿರುವುದು ವಾರ್ಡ್ ಸಮಿತಿ, ಮಾಹಿತಿ ಹಕ್ಕು, ಮತ್ತು ನಮ್ಮ ಕಾಲು. ಕಚೇರಿಗೆ ಓಡಾಡುವ ಕಾಲು. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಒಂದೇ ಪಾಲಿಕೆಯ ಜಾಗಕ್ಕೆ ಐದು ಪಾಲಿಕೆ ಬಂದವು, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. ಹಳೆಯ ಕಡತ ಈಗ ಯಾವ ಕಚೇರಿಯ ಬೀರುವಿನಲ್ಲಿದೆ ಅಂತ ಕೇಳುವುದರಿಂದಲೇ ಕೆಲವು ಸಲ ಕೆಲಸ ಶುರು ಮಾಡಬೇಕು.

ಯಾವ ಹಂತದಲ್ಲಿ ಬಾಯಿ ಬಿಟ್ಟರೆ ಉಪಯೋಗ?

ಜೆಸಿಬಿ ಬರುವ ಮುಂಚೆ. ಕಾಮಗಾರಿ ಹೀಗೆ ನಡೆಯುತ್ತದೆ: ಸರ್ವೆ, ವಿಸ್ತೃತ ಯೋಜನಾ ವರದಿ ಅಂದರೆ ಡಿಪಿಆರ್, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಡಿಪಿಆರ್ ಕರಡು ಇರುವಾಗ ಒಂದು ಮೋರಿಯ ಅಳತೆ ಬದಲಿಸಲು ಎಂಜಿನಿಯರ್‌ಗೆ ಒಂದು ಮಧ್ಯಾಹ್ನ ಸಾಕು. ಕಾರ್ಯಾದೇಶ ಆದ ಮೇಲೆ ಅದೇ ಬದಲಾವಣೆಗೆ ಹೊಸ ಅಂದಾಜು, ಹೊಸ ಅನುಮೋದನೆ, ಗುತ್ತಿಗೆದಾರರ ಒಪ್ಪಿಗೆ ಎಲ್ಲ ಬೇಕು. ಆಗ 'ಈ ಸಲ ಆಗಲ್ಲ ಸಾರ್, ಮುಂದಿನ ಪ್ಯಾಕೇಜಲ್ಲಿ ನೋಡೋಣ' ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ.

ನಾನು ಬಾಡಿಗೆಗೆ ಇರೋಳು. ನಾನು ಕೇಳಬಹುದಾ?

ಧಾರಾಳವಾಗಿ ಕೇಳಬಹುದು ಮೇಡಂ. ಮಾಹಿತಿ ಹಕ್ಕು ದೇಶದ ಪ್ರತಿ ನಾಗರಿಕರಿಗೂ ಇದೆ, ಯಾಕೆ ಬೇಕು ಅಂತ ಕಾರಣವನ್ನೂ ಹೇಳಬೇಕಿಲ್ಲ. ನೆಲಮಹಡಿಯಲ್ಲಿ ಇರುವ ಬಾಡಿಗೆದಾರರ ಹಾಸಿಗೆಯೇ ಮೊದಲು ನೆನೆಯುವುದು. ಎಲ್ಲಿಂದ, ಎಷ್ಟು ಹೊತ್ತಿಗೆ, ಎಷ್ಟು ಎತ್ತರಕ್ಕೆ ನೀರು ಬಂತು ಅನ್ನುವುದು ಮಾಲೀಕರಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ.

## ಕಾಗದ ಪತ್ರ

ಯಾವ ಯಾವ ಕಾಗದ ಕೇಳಬೇಕು? 'ಎಲ್ಲಾ ಕೊಡಿ' ಅಂದ್ರೆ ಕೊಡಲ್ಲ.

'ಎಲ್ಲಾ ಕೊಡಿ' ಅಂದರೆ ಕೊಡಲ್ಲ, ಕೊಟ್ಟರೂ ಓದಲು ಆಗಲ್ಲ. ನಾಲ್ಕೇ ಕೇಳಿ. ಡಿಪಿಆರ್‌ನ ಜಲ ಲೆಕ್ಕಾಚಾರದ ಅಧ್ಯಾಯ. ಕಾಲುವೆಯ ಉದ್ದ ಸೀಳಿಕೆ ನಕ್ಷೆ, ಅಂದರೆ ತಳದ ಮಟ್ಟ ಎಲ್ಲಿ ಎಷ್ಟಿದೆ ಅಂತ ತೋರಿಸುವ ಹಾಳೆ. ಅಂದಾಜು ಪಟ್ಟಿ. ಕಾಲುವೆಯ ಸರ್ವೆ ನಕ್ಷೆ. ಕೆಲಸ ಶುರುವಾಗಿದ್ದರೆ, ಆದ ಕೆಲಸದ ಅಳತೆ ಬರೆದಿಡುವ ಅಳತೆ ಪುಸ್ತಕವನ್ನೂ ಸೇರಿಸಿ. ಕಚೇರಿಯಲ್ಲಿ ಎಲ್ಲರೂ ಅದನ್ನು 'ಎಂಬಿ' ಅಂತಲೇ ಕರೆಯುವುದು. ಟೆಂಡರ್ ದಾಖಲೆ ಬೇಕಾದರೆ ರಾಜ್ಯದ ಖರೀದಿ ಪೋರ್ಟಲ್ ಕೆಪಿಪಿಪಿಯಲ್ಲಿ ನೀವೇ ಹುಡುಕಬಹುದು.

ಆರ್‌ಟಿಐ ಹಾಕಿದ್ದೆ. 'ಮಾಹಿತಿ ಲಭ್ಯವಿಲ್ಲ' ಅಂತ ಒಂದೇ ಸಾಲು ಬಂತು. ಮುಂದೇನು?

ಮೊದಲು ನಿಮ್ಮ ಅರ್ಜಿ ನೋಡಿಕೊಳ್ಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ನಾನು ಮೊದಲ ಸಲ ಎರಡು ಪುಟ ಬರೆದು ವಾಪಸ್ ತಗೊಂಡು ಬಂದವನೇ. 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ. ಉತ್ತರ ಬರದಿದ್ದರೆ ಅಥವಾ ಸರಿ ಇಲ್ಲದಿದ್ದರೆ 30 ದಿನದೊಳಗೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಆಮೇಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಅಲ್ಲಿ ಸಾಲು ಉದ್ದ ಇರುತ್ತದೆ. ಮಳೆಗಾಲ ನಿಮಗಾಗಿ ಕಾಯಲ್ಲ.

ಅದಕ್ಕೇ ನಾನು ಹೇಳುವುದು, ಪ್ರತಿ ಕೇಳುವ ಬದಲು ಪರಿಶೀಲನೆ ಕೇಳಿ. ಕಾಯ್ದೆಯ 2(ಜೆ) ಕಲಮಿನಲ್ಲಿ ಕಡತ ಮಾತ್ರವಲ್ಲ, ಕಾಮಗಾರಿಯನ್ನೇ ಪರಿಶೀಲಿಸುವ ಹಕ್ಕು ಇದೆ. ಬಳಸಿದ ವಸ್ತುವಿನ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಇದೆ. ಸಿಮೆಂಟು, ಕಾಂಕ್ರೀಟಿನ ಮಾದರಿ ಕೇಳಬಹುದು ಅಂತ ಬಹಳ ಜನರಿಗೆ ಗೊತ್ತೇ ಇಲ್ಲ. ಕಡತದ ಮುಂದೆ ಒಂದು ಗಂಟೆ ಕೂತರೆ ಯಾವ ಹಾಳೆ ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಡಿಪಿಆರ್ ಸಿಕ್ಕಿತು. ಇಂಗ್ಲಿಷಿನಲ್ಲಿ 300 ಪುಟ. ಎಲ್ಲಿಂದ ಓದಲಿ?

ಮೊದಲ 60 ಪುಟ ಬಿಡಿ. ಅದರಲ್ಲಿ ಬೆಂಗಳೂರಿನ ಇತಿಹಾಸ, ಹವಾಮಾನ, ಉದ್ಯಾನ ನಗರಿ ಇತ್ಯಾದಿ ಇರುತ್ತದೆ. ನೇರವಾಗಿ ನೀರಿನ ಲೆಕ್ಕಕ್ಕೆ ಬನ್ನಿ.

ಲೆಕ್ಕ ಕಬ್ಬಿಣದ ಕಡಲೆ ಅಲ್ಲ. ಮಳೆಯ ಬಿರುಸು, ಮಳೆ ಬೀಳುವ ಜಾಗದ ವಿಸ್ತೀರ್ಣ, ಅದರಲ್ಲಿ ಎಷ್ಟು ಪಾಲು ಹರಿದು ಬರುತ್ತದೆ ಅನ್ನುವ ಅಂಕಿ, ಈ ಮೂರನ್ನು ಗುಣಿಸುತ್ತಾರೆ. ಮಳೆ ಗಂಟೆಗೆ ಮಿಲಿಮೀಟರ್‌ನಲ್ಲಿ, ಜಾಗ ಹೆಕ್ಟೇರ್‌ನಲ್ಲಿ ಇದ್ದರೆ 360ರಿಂದ ಭಾಗಿಸಿದಾಗ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಅಂತ ಬರುತ್ತದೆ. ಉದಾಹರಣೆಗೆ 100 ಹೆಕ್ಟೇರ್ ಜಾಗ, ಗಂಟೆಗೆ 60 ಮಿ.ಮೀ. ಮಳೆ ಅಂದುಕೊಳ್ಳಿ. ಹೊಲ, ತೋಪು ಇದ್ದಾಗ ಹರಿಯುವ ಪಾಲು 0.3 ಅಂತ ಹಿಡಿದರೆ ಸೆಕೆಂಡಿಗೆ 5 ಘನ ಮೀಟರ್. ಅದೇ ಜಾಗದಲ್ಲಿ ಅಪಾರ್ಟ್‌ಮೆಂಟು, ಟಾರು, ಟೈಲ್ಸು ಬಂದು ಪಾಲು 0.8 ಆದರೆ 13 ಘನ ಮೀಟರ್‌ಗಿಂತ ಜಾಸ್ತಿ. ಅಂದರೆ 12,000 ಲೀಟರಿನ ಟ್ಯಾಂಕರ್ ಸೆಕೆಂಡಿಗೆ ಒಂದರಂತೆ ಬಂದು ಸುರಿದರೂ ಅಷ್ಟಾಗಲ್ಲ.

ಈಗ ನಿಮ್ಮ ಡಿಪಿಆರ್‌ನಲ್ಲಿ ಆ ಪಾಲು ಎಷ್ಟು ಹಿಡಿದಿದ್ದಾರೆ ನೋಡಿ. ಸುತ್ತ ಒಂದಡಿ ಮಣ್ಣು ಕಾಣದಿದ್ದರೂ 0.5 ಅಂತ ಬರೆದಿದ್ದರೆ ಅಲ್ಲಿ ಬೆರಳಿಡಿ. ವಿಸ್ತೀರ್ಣವನ್ನೂ ನೋಡಿ. ಮೇಲಿನ ಬಡಾವಣೆಯ ನೀರು ನಿಮ್ಮ ಕಾಲುವೆಗೇ ಬರುತ್ತದೆ ಅನ್ನುವುದು ಸರ್ವೆ ಮಾಡಿದವರಿಗೆ ತಪ್ಪಿರಬಹುದು. ನಿಮಗೆ ತಪ್ಪಲ್ಲ.

ಆಮೇಲೆ ಉದ್ದ ಸೀಳಿಕೆಯ ಕೊನೆಯ ಹಾಳೆ. ಕಾಲುವೆ ಎಲ್ಲಿ ಮುಗಿಯುತ್ತದೆ, ಅಲ್ಲಿನ ಮಟ್ಟ ಎಷ್ಟು, ಮುಂದೆ ನೀರು ಎಲ್ಲಿಗೆ? ಕೆಳಗಿನ ಕೆರೆಯ ಕೋಡಿ ನಿಮ್ಮ ಕಾಲುವೆಯ ತಳಕ್ಕಿಂತ ಎತ್ತರ ಇದ್ದರೆ, ಕೆರೆ ತುಂಬಿದ ದಿನ ನೀರು ಹಿಂದಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ನನ್ನನ್ನು ಕೇಳಿದರೆ ಇಡೀ ಡಿಪಿಆರ್‌ನಲ್ಲಿ ಇದೊಂದೇ ಹಾಳೆ ಓದಿದರೂ ಸಾಕು.

ಎಷ್ಟು ಮಳೆಗೆ ತಡೆಯೋ ಹಾಗೆ ಕಟ್ಟಿರ್ತಾರೆ? 'ಇನ್ಮೇಲೆ ನೆರೆ ಬರಲ್ಲ' ಅಂತ ಹೇಳಿದ್ರು.

ಹಾಗೆ ಹೇಳಿದವರು ಮೈಕ್ ಮುಂದೆ ಇದ್ದರು, ಲೆಕ್ಕದ ಹಾಳೆಯ ಮುಂದೆ ಅಲ್ಲ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2019ರ ಮಳೆನೀರು ಕೈಪಿಡಿ ಮಹಾನಗರದ ಮುಖ್ಯ ಪ್ರದೇಶಕ್ಕೆ 5 ವರ್ಷಕ್ಕೊಮ್ಮೆ ಬರುವ ಮಳೆಯನ್ನು, ಹೊರವಲಯಕ್ಕೆ 2 ವರ್ಷಕ್ಕೊಮ್ಮೆ ಬರುವ ಮಳೆಯನ್ನು ಹಿಡಿಯಲು ಹೇಳುತ್ತದೆ. ಅದಕ್ಕಿಂತ ಜೋರು ಮಳೆ ಬಂದರೆ ಕಾಲುವೆ ಉಕ್ಕುವುದು ಲೆಕ್ಕದಲ್ಲೇ ಇದೆ.

2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆಯಾಗಿತ್ತು. ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದ ವಾರ ಅದು. ಅದಕ್ಕೆ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ 'ನೆರೆ ಬರುತ್ತಾ?' ಅಂತ ಅಲ್ಲ. 'ಎಷ್ಟು ವರ್ಷಕ್ಕೊಮ್ಮೆ ಬರುವ ಮಳೆ ಹಿಡಿದಿದ್ದೀರಿ? ಅದು ಮೀರಿದ ದಿನ ನೀರು ಯಾವ ಬೀದಿಗೆ ನುಗ್ಗುತ್ತದೆ?' ಅಂತ.

## ಕಾಲುವೆಯ ದಡದಲ್ಲಿ

ಗೋಡೆ ಎತ್ತರ ಮಾಡಿದರೆ ನಮ್ಮ ಮನೆಗೆ ನೀರು ಬರಲ್ಲ ಅಲ್ವಾ?

ಕಾಲುವೆಯಿಂದ ಬರಲ್ಲ. ಆದರೆ ಬೀದಿಯಿಂದ ಕಾಲುವೆಗೆ ಹೋಗಬೇಕಾದ ನೀರು? ನಮ್ಮ ಬಡಾವಣೆಯಲ್ಲೇ ಆಗಿದ್ದು ಇದು. ಚೆಂದದ ಗೋಡೆ ಬಂತು, ನಾವೂ ಖುಷಿಪಟ್ಟೆವು. ಮೊದಲ ದೊಡ್ಡ ಮಳೆಗೆ ಕಾಲುವೆಯಲ್ಲಿ ಅರ್ಧ ನೀರು, ಬೀದಿಯಲ್ಲಿ ಮೊಣಕಾಲು ನೀರು. ಗೋಡೆಗೆ ಇಟ್ಟ ಕಿಂಡಿಗಳು ಚಿಕ್ಕವು, ಅವಕ್ಕೂ ಪ್ಲಾಸ್ಟಿಕ್ ಸಿಕ್ಕಿಕೊಂಡಿತ್ತು. ಕೊನೆಗೆ ನಾಲ್ಕು ಜನ ಹಾರೆ ಹಿಡಿದು ನಿಂತರು.

ಆದ್ದರಿಂದ ನಕ್ಷೆಯಲ್ಲಿ ಪಕ್ಕದ ಮೋರಿಗಳು ಎಲ್ಲೆಲ್ಲಿ ಕಾಲುವೆ ಸೇರುತ್ತವೆ, ಎಷ್ಟು ಅಗಲದ ಬಾಯಿ ಇದೆ ಅಂತ ಎಣಿಸಿ. ಕಾಲುವೆ ತುಂಬಿದಾಗ ಅದೇ ಬಾಯಿಂದ ನೀರು ಬೀದಿಗೆ ವಾಪಸ್ ಬರದಂತೆ ಒಂದೇ ದಿಕ್ಕಿಗೆ ತೆರೆಯುವ ಕವಾಟ ಇದೆಯಾ ಅಂತಲೂ ಕೇಳಿ.

ನಮ್ಮಲ್ಲಿ ಕಾಲುವೆ ಅಗಲ ಮಾಡಿದ್ರು. ಆದರೂ ಮುಳುಗಿದ್ವಿ. ಯಾಕೆ?

ಸೀಸೆಯ ಹೊಟ್ಟೆ ಎಷ್ಟೇ ದೊಡ್ಡದಿರಲಿ, ನೀರು ಸುರಿಯುವುದು ಕತ್ತಿನ ಅಳತೆಗೆ. ಹೊರಮಾವಿನ ಸಾಯಿ ಲೇಔಟ್ ನೋಡಿ. 2025ರ ಮೇ ತಿಂಗಳಲ್ಲೂ ಅದು ಮುಳುಗಿತು. ಅಲ್ಲಿ ಎಲ್ಲರೂ ಬೆರಳು ತೋರಿಸುವುದು ರೈಲು ಹಳಿಯ ಕೆಳಗಿನ ಇಕ್ಕಟ್ಟಾದ ಕಿಂಡಿಯ ಕಡೆಗೆ. ಮೇಲಿನ ಕಾಲುವೆ ಪಾಲಿಕೆಯದು, ಹಳಿ ರೈಲ್ವೆಯದು. ಒಂದರ ಕಾಮಗಾರಿ ಇನ್ನೊಂದಕ್ಕೆ ಕಾಯಬೇಕು.

ನಿಮ್ಮ ಕಾಲುವೆಯ ಉದ್ದಕ್ಕೂ ಒಂದು ಭಾನುವಾರ ನಡೆದು ನೋಡಿ. ಸೇತುವೆ, ಮೋರಿ, ಅಡ್ಡ ಹಾದ ನೀರಿನ ಪೈಪು, ಕಾಲುವೆಯೊಳಗೇ ಎದ್ದು ನಿಂತ ಒಳಚರಂಡಿಯ ಮ್ಯಾನ್‌ಹೋಲ್, ಎಲ್ಲವನ್ನೂ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಅದು ಯಾರ ಆಸ್ತಿ ಅಂತ ಹಾಕಿ. ಆ ಪಟ್ಟಿ ಡಿಪಿಆರ್‌ನಲ್ಲಿ ಇದೆಯಾ, ಸ್ಥಳಾಂತರಕ್ಕೆ ದುಡ್ಡು ಇಟ್ಟಿದ್ದಾರಾ ಅಂತ ನೋಡಿ.

ಹೂಳನ್ನೂ ಮರೆಯಬೇಡಿ. 3 ಮೀಟರ್ ಅಗಲ, 2 ಮೀಟರ್ ಆಳದ ಕಾಲುವೆಯಲ್ಲಿ 1 ಮೀಟರ್ ಹೂಳು ತುಂಬಿದರೆ ಅರ್ಧ ನೀರು ಹೋಗುತ್ತದೆ ಅಂದುಕೊಳ್ಳುತ್ತೇವೆ. ಆಳ ಕಡಿಮೆಯಾದಂತೆ ವೇಗವೂ ಇಳಿಯುವುದರಿಂದ ಹೋಗುವುದು ಸುಮಾರು ಶೇ. 40 ಮಾತ್ರ.

ಒತ್ತುವರಿ ಅಂತ ನಮ್ಮ ಮನೆ ಗೋಡೆಗೇ ಕೆಂಪು ಗುರುತು ಹಾಕಿದ್ದಾರೆ. ನಮ್ಮ ಹತ್ರ ಖಾತೆ ಇದೆ.

ಗಾಬರಿ ಆಗಬೇಡಿ, ಆದರೆ ತಡವನ್ನೂ ಮಾಡಬೇಡಿ. ಎರಡು ವಿಷಯ ಬೇರೆ ಬೇರೆ. ಕಂದಾಯ ನಕ್ಷೆಯಲ್ಲಿ ಕಾಲುವೆ ಅಂತ ಇರುವ ಖರಾಬು, ಅಂದರೆ ಸರ್ಕಾರಿ ಜಾಗದ ಮೇಲೆ ಮನೆ ಇದ್ದರೆ ಅದು ಒತ್ತುವರಿ. ಖಾತೆ ಇದ್ದ ಮಾತ್ರಕ್ಕೆ ಸರ್ಕಾರಿ ಜಾಗ ನಿಮ್ಮದಾಗಲ್ಲ. ಇನ್ನೊಂದು ಕಾಲುವೆಯ ಪಕ್ಕದ ಮೀಸಲು ವಲಯ. ಅಲ್ಲಿ ಜಾಗ ನಿಮ್ಮದೇ, ಕಟ್ಟಲು ನಿರ್ಬಂಧ. 2015ರ ಪರಿಷ್ಕೃತ ಮಹಾಯೋಜನೆಯಲ್ಲಿ ಕಾಲುವೆಯ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಅದನ್ನು ಹೆಚ್ಚಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹೆಚ್ಚಳವನ್ನು ತಳ್ಳಿಹಾಕಿತು. ಸಭೆಯಲ್ಲಿ ಯಾರಾದರೂ 75 ಮೀಟರ್ ಅಂತ ಹೆದರಿಸಿದರೆ ಅದು ಆ ರದ್ದಾದ ಆದೇಶದಲ್ಲಿ ಕೆರೆಗಳಿಗೆ ಇದ್ದ ಅಂಕಿ.

ಸರ್ವೆ ನಕ್ಷೆ ತೋರಿಸುವ ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ಒಮ್ಮೆ ನೋಡಿ. ಅದು ಬರೀ ಸುಳಿವು, ಸಾಕ್ಷಿಯಲ್ಲ. ಸರ್ಕಾರಿ ಭೂಮಾಪಕರ ಸರ್ವೆಗೆ ಅರ್ಜಿ ಕೊಡಿ, ಅಳತೆಯ ದಿನ ನೀವೂ ಇರಿ, ಸ್ಕೆಚ್ಚಿನ ಪ್ರತಿ ಪಡೆಯಿರಿ. ಇದಕ್ಕೆ ಮುಂದೆ ವಕೀಲರು ಬೇಕಾಗುತ್ತಾರೆ.

## ಸ್ವಲ್ಪ ಆಳಕ್ಕೆ ಇಳಿದವರಿಗೆ

ಸಭೆಯಲ್ಲಿ ಎಲ್ಲರೂ ಕೂಗಾಡಿ ಕಾಫಿ ಕುಡಿದು ಹೋಗ್ತಾರೆ. ಆಕ್ಷೇಪಣೆ ಹೇಗೆ ಬರೆಯಬೇಕು?

ಒಂದು ಕಾಗದಕ್ಕೆ ಒಂದು ವಿಷಯ. ಹೀಗೆ ಬರೆಯಿರಿ: 'ಇಂಥ ಸರಪಳಿ ಅಳತೆಯಲ್ಲಿ (ಕಾಲುವೆಯ ಶುರುವಿನಿಂದ ಇಷ್ಟು ದೂರದಲ್ಲಿ) ರಸ್ತೆಯ ಕೆಳಗೆ ಇರುವ ಮೋರಿ 2 ಮೀಟರ್ ಅಗಲ ಇದೆ. ಅದಕ್ಕೆ ನೀರು ತರುವ ಮೇಲ್ಭಾಗದ ಕಾಲುವೆಯನ್ನು 4 ಮೀಟರ್ ಮಾಡುತ್ತಿದ್ದೀರಿ. ಮೋರಿಯನ್ನು ಅಂದಾಜು ಪಟ್ಟಿಯಲ್ಲಿ ಸೇರಿಸಿಲ್ಲ. ಕಳೆದ ಮಳೆಯಲ್ಲಿ ಇಲ್ಲಿ ನೀರು ನಿಂತ ಫೋಟೋ ಲಗತ್ತಿಸಿದೆ. ಮೋರಿಯ ಸಾಮರ್ಥ್ಯದ ಲೆಕ್ಕ ಕೊಡಿ.' ಇಂಥ ಕಾಗದಕ್ಕೆ 'ಪರಿಶೀಲಿಸಲಾಗುವುದು' ಅಂತ ಬರೆದು ಮುಗಿಸುವುದು ಕಷ್ಟ. ಕಾರ್ಯಪಾಲಕ ಎಂಜಿನಿಯರ್‌ಗೆ ಒಂದು, ಮುಖ್ಯ ಎಂಜಿನಿಯರ್‌ಗೆ ಒಂದು ಪ್ರತಿ ಕೊಡಿ. ಟಪಾಲು ವಿಭಾಗದ ಸೀಲು, ತಾರೀಖು ಬಿದ್ದ ಪ್ರತಿ ನಿಮ್ಮ ಹತ್ತಿರ ಇರಲಿ. ಸೀಲಿಲ್ಲದ ಮನವಿಪತ್ರ ಸುಮ್ನೆ.

ನಮ್ಮ ಕಾಲುವೆ ಅಗಲ ಮಾಡಿ ಅಂದ್ರೆ ಕೆಳಗಿನ ಬಡಾವಣೆಯವರು ಬೇಡ ಅಂತಾರೆ. ಯಾರ ಮಾತು ಸರಿ?

ಇಬ್ಬರದೂ ಸರಿ ಇರಬಹುದು. ನಿಮ್ಮಲ್ಲಿ ನೀರು ಬೇಗ ಹರಿದರೆ ಅವರಲ್ಲಿಗೆ ಬೇಗ ತಲುಪುತ್ತದೆ. ಮೊದಲು ಎರಡು ಗಂಟೆಯಲ್ಲಿ ಬರುತ್ತಿದ್ದ ನೀರು 40 ನಿಮಿಷದಲ್ಲಿ ಬಂದರೆ ಅವರ ಕಾಲುವೆಗೆ ಅದೇ ನೀರು ದೊಡ್ಡ ಹೊರೆ. ಅದಕ್ಕೇ ಕೆಲಸ ಕೆಳಗಿನಿಂದ ಮೇಲಕ್ಕೆ ಆಗಬೇಕು ಅನ್ನುವುದು. ನಮ್ಮಲ್ಲಿ ಹೆಚ್ಚಾಗಿ ಯಾವ ಬೀದಿಯವರು ಜೋರು ಮಾಡುತ್ತಾರೋ ಅಲ್ಲಿಂದ ಶುರುವಾಗುತ್ತದೆ.

ಅಗಲಿಸುವುದಕ್ಕೆ ಬದಲು ನೀರನ್ನು ತಡೆದು ನಿಲ್ಲಿಸುವ ದಾರಿಯೂ ಇದೆ. ಮಳೆಗೆ ಮುಂಚೆ ಮೇಲಿನ ಕೆರೆಯ ನೀರನ್ನು ಗೇಟಿನಿಂದ ಒಂದಷ್ಟು ಇಳಿಸಿಟ್ಟುಕೊಂಡರೆ, ಹೊಸ ಮಳೆಗೆ ಅಷ್ಟು ಜಾಗ ಸಿಗುತ್ತದೆ. ಹಳೆಯ ತೂಬಿನ ಬುದ್ಧಿಯೇ ಇದು. ಆದರೆ ಕೆರೆಗೆ ವರ್ಷವಿಡೀ ಒಳಚರಂಡಿ ನೀರು ಬಂದು ಅಂಚಿನವರೆಗೆ ತುಂಬಿದ್ದರೆ ಗೇಟಿನಿಂದ ಲಾಭ ಕಡಿಮೆ. ಗೇಟು ಯಾರು, ಯಾವಾಗ, ಯಾರ ಅಪ್ಪಣೆಯಿಂದ ತೆರೆಯುತ್ತಾರೆ ಅನ್ನುವ ನಿಯಮವನ್ನು ಬರಹದಲ್ಲಿ ಕೇಳಿ. ರಾತ್ರಿ ಎರಡು ಗಂಟೆಗೆ ಕೀಲಿ ಯಾರ ಹತ್ತಿರ ಇರುತ್ತದೆ ಅಂತಲೂ ಕೇಳಿ. ಮೇಲಿನವರು, ಕೆಳಗಿನವರು ಒಟ್ಟಿಗೆ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು.

ಸಿಎಜಿ ವರದಿ ಬಂದಿತ್ತಲ್ಲ. ಅದರಿಂದ ನಮಗೇನು?

ಬೆಂಗಳೂರಿನ ಮಳೆನೀರು ನಿರ್ವಹಣೆಯ ಮೇಲೆ ಸಿಎಜಿ, ಅಂದರೆ ದೇಶದ ಮಹಾಲೆಕ್ಕಪರಿಶೋಧಕರ ವರದಿ ವಿಧಾನಮಂಡಲಕ್ಕೆ ಬಂದಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಸರಿಯಾಗಿ ಒಂದು ವರ್ಷಕ್ಕೆ ಮಹದೇವಪುರ ಮುಳುಗಿತು. ಹಳೆಯ ನಕ್ಷೆಗಳಲ್ಲಿ ಸುಮಾರು 113 ಕಿ.ಮೀ. ಇದ್ದ ಕೋರಮಂಗಲ ಕಣಿವೆಯ ಕಾಲುವೆಗಳು 63 ಕಿ.ಮೀ.ಗೆ, 226 ಕಿ.ಮೀ. ಇದ್ದ ವೃಷಭಾವತಿ ಕಣಿವೆಯವು ಸುಮಾರು 112 ಕಿ.ಮೀ.ಗೆ ಇಳಿದಿವೆ ಅಂತ ಅದರಲ್ಲಿದೆ. ನಿಮ್ಮ ಆಕ್ಷೇಪಣೆಯಲ್ಲಿ ಇಂಥ ವರದಿಯ ಸಾಲು ಸೇರಿಸಿದರೆ ತೂಕ ಬರುತ್ತದೆ. ಅದು ನಿಮ್ಮ ಮಾತಲ್ಲ, ಸರ್ಕಾರದ್ದೇ ಲೆಕ್ಕಪರಿಶೋಧಕರ ಮಾತು.

ಕೆಲಸ ಮುಗೀತು, ಉದ್ಘಾಟನೆನೂ ಆಯ್ತು. ಇನ್ನು ನಮ್ಮ ಪಾತ್ರ ಏನಿಲ್ಲ ಅಲ್ವಾ?

ಇದೆ. ಗುತ್ತಿಗೆಯಲ್ಲಿ ದೋಷ ಹೊಣೆಯ ಅವಧಿ ಅಂತ ಇರುತ್ತದೆ. ಅಷ್ಟು ದಿನ ಬಿರುಕು, ಕುಸಿತ ಬಂದರೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು. ಆ ಅವಧಿ ಎಷ್ಟು, ಎಂದು ಮುಗಿಯುತ್ತದೆ ಅಂತ ಕೇಳಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಅದು ಮುಗಿದ ಮರುದಿನ ದೂರು ಕೊಟ್ಟರೆ ರಿಪೇರಿ ಮತ್ತೆ ನಮ್ಮ ತೆರಿಗೆ ದುಡ್ಡಿನಲ್ಲೇ.

ಗೋಡೆಯ ಒಳಮೈಗೆ ಅಡಿ ಅಡಿಗೂ ಬಣ್ಣದಲ್ಲಿ ಅಳತೆ ಬರೆಸಿ ಅಂತ ಎಂಜಿನಿಯರ್‌ಗೆ ಹೇಳಿ. ಸಣ್ಣ ಖರ್ಚು. ಮಳೆ ಬಂದಾಗ ಯಾರಾದರೂ ಒಬ್ಬರು ಸೇತುವೆಯ ಮೇಲೆ ಛತ್ರಿ ಹಿಡಿದು ನಿಂತು ಗಂಟೆ, ನೀರಿನ ಮಟ್ಟ ಬರೆದುಕೊಳ್ಳಲಿ. ಅವತ್ತಿನ ಮಳೆಯ ಅಂಕಿ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮೇಘ ಸಂದೇಶ ಆ್ಯಪ್‌ನಲ್ಲಿ ಸಿಗುತ್ತದೆ. ನಮ್ಮ ಬೀದಿಯಲ್ಲಿ ಈ ಕೆಲಸ ಒಬ್ಬ ನಿವೃತ್ತ ಮೇಷ್ಟ್ರದು. ಅವರ ನೋಟ್‌ಬುಕ್ಕಿನಲ್ಲಿ ಮೂರು ಮಳೆಗಾಲ ಇದೆ. ಹೋದ ಸಲ ಸರ್ವೆಗೆ ಬಂದ ಹುಡುಗರು ಅದನ್ನು ಪುಟ ಪುಟ ಫೋಟೋ ತೆಗೆದುಕೊಂಡು ಹೋದರು.